ಹೇಗಿದ್ದೀರಿ ಅಂದರೆ ‘ನಡೀತಾ ಇದೆ’ ಅನ್ನುವವರು

ಬೆಳಿಗ್ಗೆ ಏಳೂವರೆ. ಲಿಸ್ಬನ್ನಿನ ಗ್ರಾಸ ಗುಡ್ಡದ ಮೇಲಿನ ನಮ್ಮ ಬೀದಿ ಇದು. ಆ ಹಸಿರು ಬಾಗಿಲು ಕಾಣುತ್ತಿದೆಯಲ್ಲ, ಅದರ ಪಕ್ಕದ ಕಿಟಕಿಯಲ್ಲಿ ಮೊಣಕೈ ಊರಿಕೊಂಡು ನಿಂತವರು ಕೆಳಗಿನ ಮನೆಯ ಅಜ್ಜಿ. ಮುಖ ತೋರಿಸುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಧ್ವನಿ ಮಾತ್ರ ಕೇಳಿ. ನಾನು "ಬೊಂ ದಿಯ, ಹೇಗಿದ್ದೀರಿ?" ಅಂತ ಕೇಳಿದೆ. ಅವರು ಹೇಳಿದ್ದು: "ವಾಯ್-ಸ ಅಂದಾಂದು."

ಮೂರು ವರ್ಷದಿಂದ ದಿನಾ ಇದೇ ಉತ್ತರ. ಮಳೆ ಬಂದರೂ ಇದೇ, ಮೊಮ್ಮಗಳಿಗೆ ಕೆಲಸ ಸಿಕ್ಕ ದಿನವೂ ಇದೇ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಆಫೀಸಿನಲ್ಲಿ ಒಬ್ಬರು ಡಚ್ ಸಹೋದ್ಯೋಗಿ ಇದ್ದರು. "ಪೋರ್ಚುಗೀಸರು ಯಾವಾಗಲೂ ಬೇಜಾರಿನಲ್ಲೇ ಇರುತ್ತಾರೆ. ಒಬ್ಬರೂ ಚೆನ್ನಾಗಿದ್ದೇನೆ ಅನ್ನುವುದಿಲ್ಲ" ಅಂತ ಅವರು ಹೇಳುತ್ತಿದ್ದರು. ಅವರೊಬ್ಬರೇ ಅಲ್ಲ. ಪ್ರವಾಸದ ಯಾವ ವಿಡಿಯೋ ನೋಡಿದರೂ ಇದೇ ಮಾತು. ಇದು ದುಃಖದ ದೇಶ, ಇವರ ಹಾಡು ದುಃಖದ ಹಾಡು, ಇವರಲ್ಲಿ ದೂರವಾದದ್ದಕ್ಕೆ ಹಂಬಲಿಸುವುದಕ್ಕೆ ‘ಸೌದಾದ್’ ಅಂತ ಒಂದು ಪದ ಇದೆ, ಅದನ್ನು ಬೇರೆ ಯಾವ ಭಾಷೆಗೂ ತರಲಾಗದು.

ನನಗೆ ಮಾತ್ರ ಅಜ್ಜಿಯ ಮಾತು ಬೇರೆ ಥರ ಕೇಳಿಸಿತು. ಇವರ ಭಾಷೆಯಲ್ಲಿ ‘ಅಂದಾರ್’ ಅಂದರೆ ನಡೆಯುವುದು. ಪದಕ್ಕೆ ಪದ ಇಟ್ಟು ನೋಡಿದರೆ ಅಜ್ಜಿ ಹೇಳಿದ್ದು ‘ನಡೀತಾ ಇದೆ’. ಅಷ್ಟೇ! ನಮ್ಮ ಮನೆಯಲ್ಲಿ ಯಾರು "ನಾನು ತುಂಬಾ ಚೆನ್ನಾಗಿದ್ದೇನೆ, ಎಲ್ಲ ಅದ್ಭುತ" ಅಂತಾರೆ ಹೇಳಿ? "ಏನೋ, ದೇವರು ನಡೆಸಿಕೊಂಡು ಹೋಗ್ತಿದ್ದಾನೆ" ಅಂತಾರೆ. ಜಾಸ್ತಿ ಹೇಳಿಕೊಂಡರೆ ದೃಷ್ಟಿ ಆಗುತ್ತದೆ ಅನ್ನುವ ಭಯ ನನ್ನ ಅಮ್ಮನಿಗೆ ಇವತ್ತಿಗೂ ಇದೆ. ಅಜ್ಜಿ ಅಳುತ್ತಿರಲಿಲ್ಲ. ಸಿಕ್ಕಿದ್ದನ್ನು ಜೋಪಾನವಾಗಿ ಹಿಡಿದುಕೊಂಡಿದ್ದರು.

ಇವತ್ತಿನ ವಿಡಿಯೋ ಅದರ ಬಗ್ಗೆಯೇ. ಹೊರಗಿನವರು ಈ ದೇಶವನ್ನು, ಈ ಜನರನ್ನು ಹೇಗೆ ನೋಡುತ್ತಾರೆ? ಮತ್ತೆ ಮಂಗಳೂರಿನಿಂದ ಬಂದ ನಾನು ಹೇಗೆ ನೋಡುತ್ತಿದ್ದೇನೆ?

ಬನ್ನಿ, ಇಳಿದು ಹೋಗೋಣ. ಇದು ಅಲ್ಫಾಮ ಅನ್ನುವ ಹಳೇ ಕೇರಿಯ ದಾರಿ. ಗೋಡೆಯ ಮೇಲೆ ನೀಲಿ ಟೈಲ್ಸ್, ಮೇಲೆ ಹಗ್ಗದಲ್ಲಿ ಒಣಗುತ್ತಿರುವ ಬಟ್ಟೆ. ಪಕ್ಕದಲ್ಲಿ ಹಾದುಹೋಯಿತಲ್ಲ, ಮೂರು ಚಕ್ರದ್ದು, ಅದು ನಮ್ಮ ಆಟೋದ ನೆಂಟನೇ. ಇಲ್ಲಿ ಅದು ಪ್ರವಾಸಿಗರಿಗೆ ಮಾತ್ರ. ಅದರಲ್ಲಿ ಕೂತವರು ಈಗ ಫೋಟೋ ತೆಗೆದದ್ದು ಯಾರದೋ ಮನೆಯ ಒಳ ಉಡುಪಿನ ಸಾಲು. ಜಾಗ ಚೆಂದ, ಬೆಳಕು ಚೆಂದ. ಆ ಬಟ್ಟೆ ಯಾರದು ಅಂತ ಯಾರೂ ಕೇಳುವುದಿಲ್ಲ.

ಇದು ಹೊಸ ಚಾಳಿಯೇನಲ್ಲ. ಇಂಗ್ಲಿಷ್ ಕವಿ ಬೈರನ್ 1809ರಲ್ಲಿ ಇಲ್ಲಿಗೆ ಬಂದಿದ್ದ. ಹತ್ತಿರದ ಸಿಂತ್ರಾ ಬೆಟ್ಟವನ್ನು ಸ್ವರ್ಗದ ತೋಟ ಅಂತ ಹೊಗಳಿದ. ಅಲ್ಲಿನ ಜನರನ್ನು ಕೊಳಕರು, ಗುಲಾಮರು ಅಂತ ಬರೆದ. ಸಿಂತ್ರಾಕ್ಕೆ ಹೋದರೆ ಅವನ ಹೊಗಳಿಕೆ ಎಲ್ಲ ಕಡೆ ಸಿಗುತ್ತದೆ. ಬೈಗುಳವನ್ನು ಯಾರೂ ನೆನಪಿಸುವುದಿಲ್ಲ.

ನೆರೆಯ ಸ್ಪೇನಿನವರಿಗೆ ಪೋರ್ಚುಗಲ್ ಅಂದರೆ ಬಹಳ ಕಾಲ ಗಡಿ ದಾಟಿ ಹೋಗಿ ಟವೆಲ್ ಕೊಂಡು ತರುವ ಜಾಗ. ಪೋರ್ಚುಗೀಸರೂ ಬಿಟ್ಟವರಲ್ಲ, "ಸ್ಪೇನಿನಿಂದ ಒಳ್ಳೆ ಗಾಳಿಯೂ ಬರದು, ಒಳ್ಳೆ ಸಂಬಂಧವೂ ಬರದು" ಅನ್ನುವ ಗಾದೆ ಇವರ ಬಾಯಲ್ಲಿದೆ. ಬ್ರೆಜಿಲ್‌ನಲ್ಲಿ ‘ಪೋರ್ಚುಗೀಸನ ಜೋಕು’ ಅಂತ ಒಂದು ಬಗೆಯೇ ಇದೆ. ಮನುಯೆಲ್, ಜೊವಕೀಂ ಅಂತ ಇಬ್ಬರು ದಡ್ಡರು ಅದರಲ್ಲಿ ಬರುತ್ತಾರೆ. ಒಂದು ಕಾಲದಲ್ಲಿ ಆಳಿದವರ ಮೇಲೆ ಹಾಗೆ ನಗುವುದು ನನಗೆ ಅರ್ಥವಾಗುತ್ತದೆ. ಆದರೆ ಆ ಜೋಕುಗಳಿಗೆ ಸಿಕ್ಕಿಬೀಳುತ್ತಿದ್ದವರು ರಾಜರಲ್ಲ. ಬ್ರೆಜಿಲ್‌ಗೆ ಹೊಟ್ಟೆಪಾಡಿಗೆ ಹೋಗಿ ಬೇಕರಿ, ಅಂಗಡಿ ಇಟ್ಟುಕೊಂಡ ಬಡವರು.

ಫ್ರಾನ್ಸಿನವರ ನೋಟ ಇನ್ನೊಂದು. ಅವರ ಪಾಲಿಗೆ ಪೋರ್ಚುಗೀಸ್ ಹೆಂಗಸು ಅಂದರೆ ಬಿಲ್ಡಿಂಗಿನ ಮೆಟ್ಟಿಲು ಒರೆಸುವವಳು, ಗಂಡಸು ಅಂದರೆ ಗಾರೆ ಕೆಲಸದವನು. ಈ ಮಾತಿನ ಹಿಂದೆ ಏನಿದೆ ಅಂತ ನನಗೆ ಹೇಳಿದವರು ನಮ್ಮ ಅಜ್ಜಿ.

ಅವರಿಗೀಗ 79. ಅವರ ಗಂಡ ಊರು ಬಿಟ್ಟದ್ದು 1966ರಲ್ಲಿ. ಆಗ ಇಲ್ಲಿ ಸಲಾಜಾರ್‌ನ ಸರ್ವಾಧಿಕಾರ. ಹಳ್ಳಿಗಳಲ್ಲಿ ಬಡತನ. ಅದರ ಮೇಲೆ ಅಂಗೋಲಾ, ಗಿನಿ, ಮೊಜಾಂಬಿಕ್‌ಗಳಲ್ಲಿ ವಸಾಹತು ಉಳಿಸಿಕೊಳ್ಳುವ ಯುದ್ಧ ಬೇರೆ. ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ದೇಶ ಬಿಡಲು ಅನುಮತಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಸಾವಿರಾರು ಜನ ರಾತ್ರಿ ಕದ್ದು ಸ್ಪೇನಿನ ಗಡಿ ದಾಟಿ, ಪಿರೆನೀಸ್ ಬೆಟ್ಟ ಹತ್ತಿ ಇಳಿದು ಫ್ರಾನ್ಸ್ ಸೇರುತ್ತಿದ್ದರು. ಇದಕ್ಕೆ ಇವರು ‘ಅ ಸಾಲ್ತು’ ಅನ್ನುತ್ತಾರೆ. ಅಂದರೆ ಹಾರಿಕೊಂಡು ಹೋಗುವುದು.

ದಾಟಿಸುವವನಿಗೆ ದುಡ್ಡು ಕೊಡಬೇಕಲ್ಲ. ಅವನು ನಡುದಾರಿಯಲ್ಲಿ ಕೈ ಬಿಟ್ಟರೆ? ಅದಕ್ಕೆ ಒಂದು ಉಪಾಯ ಇತ್ತು. ಹೋಗುವವನ ಫೋಟೋವನ್ನು ಎರಡಾಗಿ ಹರಿಯುವುದು. ಒಂದು ತುಂಡು ಮನೆಯಲ್ಲಿ, ಇನ್ನೊಂದು ಅವನ ಜೇಬಿನಲ್ಲಿ. ಫ್ರಾನ್ಸ್ ಮುಟ್ಟಿದ ಮೇಲೆ ಅವನು ತನ್ನ ತುಂಡನ್ನು ಅಂಚೆಯಲ್ಲಿ ಕಳಿಸಬೇಕು. ಎರಡು ತುಂಡು ಕೂಡಿದರೆ ಜೀವಂತ ತಲುಪಿದ್ದಾನೆ ಅಂತ ಅರ್ಥ. ಆಮೇಲೆ ಮನೆಯವರು ಉಳಿದ ಹಣ ಕೊಡುತ್ತಿದ್ದರು.

"ಇಪ್ಪತ್ತಮೂರು ದಿನ ಅರ್ಧ ಮುಖ ನೋಡಿಕೊಂಡು ಕೂತಿದ್ದೆ" ಅಂದರು ಅಜ್ಜಿ. ಕಾಫಿ ಆರಿಹೋಗಿತ್ತು. ನಾನೂ ಏನೂ ಮಾತಾಡಲಿಲ್ಲ.

ಪ್ಯಾರಿಸ್ ಹೊರವಲಯದ ಶಾಂಪಿನ್ಯಿ ಎಂಬಲ್ಲಿ ಆಗ ಪೋರ್ಚುಗೀಸರದೇ ದೊಡ್ಡ ಜೋಪಡಿ ಊರಿತ್ತು. ಹಲಗೆ, ತಗಡು, ಮಂಡಿಯುದ್ದ ಕೆಸರು. ಅಜ್ಜಿಯ ಗಂಡ ಎರಡು ವರ್ಷ ಅಲ್ಲಿದ್ದರು. ಹಗಲು ಫ್ರೆಂಚರ ಅಪಾರ್ಟ್‌ಮೆಂಟ್ ಕಟ್ಟುವುದು, ರಾತ್ರಿ ಜೋಪಡಿಯಲ್ಲಿ ಮಲಗುವುದು.

ನನ್ನ ಅಪ್ಪ ಹದಿನಾಲ್ಕು ವರ್ಷ ಕುವೈತ್‌ನಲ್ಲಿದ್ದರು. ಚಿಕ್ಕವಳಿದ್ದಾಗ ನಮಗೆ ಅಲ್ಲಿಂದ ಕ್ಯಾಸೆಟ್ ಬರುತ್ತಿತ್ತು. ಅಪ್ಪ ಮಾತಾಡಿ ತುಂಬಿಸಿದ ಕ್ಯಾಸೆಟ್. ಅಮ್ಮ ಅದನ್ನು ಅಡುಗೆ ಮನೆಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಹಾಕುತ್ತಿದ್ದರು. ‘ಸೌದಾದ್’ ಅನ್ನುವ ಪದ ಯಾವ ಭಾಷೆಗೂ ಬರದು ಅಂತ ಯಾರಾದರೂ ಅಂದಾಗ ನನಗೆ ಆ ಅಡುಗೆ ಮನೆ ನೆನಪಾಗುತ್ತದೆ. ಪದ ಇಲ್ಲದಿದ್ದರೇನು, ನಮ್ಮ ಕರಾವಳಿಯ ಅರ್ಧ ಮನೆಗಳಿಗೆ ಅದು ಗೊತ್ತು. ಇಲ್ಲಿನ ಹಳ್ಳಿಗಳಿಗೆ ಹೋದರೆ ಫ್ರಾನ್ಸಿನ ದುಡ್ಡಿನಲ್ಲಿ ಕಟ್ಟಿಸಿದ ದೊಡ್ಡ ದೊಡ್ಡ ಮನೆಗಳಿವೆ. ಹನ್ನೊಂದು ತಿಂಗಳು ಬೀಗ, ಆಗಸ್ಟ್‌ನಲ್ಲಿ ಮಾತ್ರ ಮಕ್ಕಳ ಗಲಾಟೆ. ನಮ್ಮೂರಿನ ಗಲ್ಫ್ ಮನೆಗಳ ಹಾಗೆಯೇ.

ಈ ರಸ್ತೆ ಮೌರಾರಿಯದ್ದು. ಆ ‘ದುಃಖದ ಹಾಡು’, ಅಂದರೆ ಫಾದು, ಬೆಳೆದ ಕೇರಿಗಳಲ್ಲಿ ಇದೂ ಒಂದು. 2011ರಲ್ಲಿ ಯುನೆಸ್ಕೋ ಪಟ್ಟಿಗೂ ಫಾದು ಸೇರಿತು. ರಾತ್ರಿ ಹಾಡು ಶುರುವಾಗುವ ಮೊದಲು ದೀಪ ಸಣ್ಣಗಾಗುತ್ತದೆ, ಬಡಿಸುವವರೂ ತಟ್ಟೆ ಹಿಡಿದು ನಿಂತಲ್ಲೇ ನಿಲ್ಲುತ್ತಾರೆ. ಮಾತಾಡಿದರೆ ಪಕ್ಕದ ಮೇಜಿನವರು ಗದರಿಸುತ್ತಾರೆ. ಹೊರಗಿನವರು ಇದನ್ನು ದುಃಖ ಅಂದುಕೊಳ್ಳುತ್ತಾರೆ. ನನಗೆ ಕಂಡದ್ದು ಮರ್ಯಾದೆ. ಮತ್ತೆ ಫಾದುವಿನಲ್ಲಿ ತಮಾಷೆಯ ಹಾಡುಗಳೂ ಬೇಕಾದಷ್ಟಿವೆ, ಭಾಷೆ ಗೊತ್ತಿದ್ದರೆ ನಗು ಬರುತ್ತದೆ.

ಭಾಷೆಯ ಮಾತು ಬಂತಲ್ಲ. ಹೊರಗಿನವರ ಕಿವಿಗೆ ಇದು ರಷ್ಯನ್ ಥರ ಕೇಳಿಸುತ್ತದಂತೆ. ಕಾರಣ ಇದೆ. ಇವರು ಪದದ ಸ್ವರಗಳನ್ನು ನುಂಗುತ್ತಾರೆ, ಎಲ್ಲ ಕಡೆ ‘ಶ್’ ಉಳಿಯುತ್ತದೆ. ಪದದ ಕೊನೆಗೆ ಸ್ವರ ಹಚ್ಚಿ ಮಾತಾಡುವ ನಮಗೆ ಇದು ಬಹಳ ಕಷ್ಟ. ಆದರೂ ಬಾಡಿಗೆ ಮನೆ ನೋಡಲು ಹೋದ ಮೊದಲ ದಿನ ಮಾಲೀಕರು ಕೈಗೆ ಬೀಗದ ಕೈ ಕೊಟ್ಟು ‘ಶಾವ್’ ಅಂದಾಗ ನಾನು ಬೆಚ್ಚಿಬಿದ್ದೆ. ಚಾವಿ! ‘ಮೇಜ’ ನಮ್ಮ ಮೇಜು. ‘ಬತಾತ’ ಬಟಾಟೆ. ಕಿಟಕಿಗೆ ‘ಜನೆಲ’, ನಮ್ಮೂರಿನ ಕೊಂಕಣಿಯಲ್ಲಿ ‘ಜನೆಲ್’. ಬಿಲ್ಡಿಂಗಿನ ಅಂಚೆ ಡಬ್ಬಿಗಳ ಮೇಲೆ ಪಿಂಟೋ, ಲೋಬೋ, ಪಿರೇರಾ. ನನ್ನ ಕ್ಲಾಸಿನ ಹಾಜರಿ ಪುಸ್ತಕವೇ ಗೋಡೆಗೆ ಅಂಟಿಕೊಂಡಂತಿತ್ತು.

ನಾನು ಬರುವಾಗ ಮನಸ್ಸಿನಲ್ಲಿ ಹೊತ್ತು ತಂದ ಪೋರ್ಚುಗೀಸರು ಬೇರೆ. ಉಳ್ಳಾಲದ ರಾಣಿ ಅಬ್ಬಕ್ಕನ ಮೇಲೆ ಫಿರಂಗಿ ಹೊತ್ತ ಹಡಗು ತಂದವರು. ಆ ಕಥೆ ಕೇಳಿ ಬೆಳೆದವಳು ನಾನು. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಇಲ್ಲಿನ ಬೆಲೆಂ ದಡದಲ್ಲಿ ನಾವಿಕರ ದೊಡ್ಡ ಸ್ಮಾರಕದ ಕೆಳಗೆ ನಿಂತಾಗ ನನಗೆ ಹೆಮ್ಮೆ ಬರಲಿಲ್ಲ, ಸಿಟ್ಟೇ ಬಂತು. ಆದರೆ 1520ರ ಸುಮಾರಿಗೆ ಹಂಪಿಗೆ ಬಂದ ಡೊಮಿಂಗೋ ಪಾಯಸ್ ಕೂಡ ಪೋರ್ಚುಗೀಸನೇ. ವಿಜಯನಗರ ರೋಮಿನಷ್ಟು ದೊಡ್ಡದಾಗಿ ಕಂಡಿತು ಅಂತ ಬರೆದವನು. ಪೇಟೆಯಲ್ಲಿ ಯಾವ ಯಾವ ಧಾನ್ಯ ಮಾರುತ್ತಿದ್ದರು ಅಂತಲೂ ಬರೆದಿಟ್ಟ. ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆ ಇತ್ತು ಅನ್ನುವುದು ನಮಗೆ ಗೊತ್ತಿರುವುದೂ ಅವನಿಂದ. ಒಬ್ಬ ಹೊರಗಿನವನು ನಮ್ಮನ್ನು ಅಷ್ಟು ಹತ್ತಿರದಿಂದ ನೋಡಿದ. ನಾನೂ ಇವರನ್ನು ಹಾಗೆ ನೋಡಬೇಕು ಅಂತ ಅನ್ನಿಸಿದ್ದು ಅದರಿಂದಲೇ.

ಈಗ ಹೊರಗಿನವರ ಬಾಯಲ್ಲಿ ಈ ದೇಶಕ್ಕೆ ಒಂದೇ ಮಾತು: ಅಗ್ಗ. ಬಿಸಿಲು, ಸಮುದ್ರ, ಅಗ್ಗ. ಯಾರಿಗೆ ಅಗ್ಗ? 2025ರಲ್ಲಿ ಇಲ್ಲಿನ ಕನಿಷ್ಠ ಸಂಬಳ ತಿಂಗಳಿಗೆ 870 ಯೂರೋ. ಲಿಸ್ಬನ್ನಿನಲ್ಲಿ ಒಂದು ಕೋಣೆಯ ಮನೆಯ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಈ ಬಾಗಿಲುಗಳನ್ನು ನೋಡಿ. ನಂಬರ್ ಒತ್ತಿ ತೆರೆಯುವ ಪುಟ್ಟ ಚಾವಿ ಡಬ್ಬಿ ಒಂದೊಂದಕ್ಕೂ ಇದೆ. ಅವೆಲ್ಲ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು. ಅಜ್ಜಿಯ ಮಗಳು ಇಲ್ಲೇ ಹುಟ್ಟಿ ಬೆಳೆದವರು, ಈಗ ನದಿಯಾಚೆ ಇದ್ದಾರೆ. ಈ ಬೀದಿಯಲ್ಲಿ ಬಾಡಿಗೆ ಕೊಡುತ್ತಿರುವ ವಿದೇಶಿ ನಾನೂ ಹೌದು. ಅದು ನನ್ನನ್ನು ಕಾಡುತ್ತದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಸಂಜೆಯಾಯಿತು. ಇವತ್ತು ಜೂನ್ 12, ಸಂತ ಅಂತೋನಿಯ ಹಬ್ಬದ ಹಿಂದಿನ ರಾತ್ರಿ. ಮಂಗಳೂರಿನಲ್ಲಿ ಅವರಿಗೆ ಮೇಣದಬತ್ತಿ ಹಚ್ಚುವವರೆಲ್ಲ ಪಾದುವಾದ ಸಂತ ಅಂತೋನಿ ಅನ್ನುತ್ತಾರೆ. ಇಲ್ಲಿ ಹಾಗೆ ಅಂದು ನೋಡಿ, ಅಜ್ಜಿ ತಕ್ಷಣ ತಿದ್ದುತ್ತಾರೆ. ಸಂತರು ತೀರಿಕೊಂಡದ್ದು ಇಟಲಿಯ ಪಾದುವಾದ ಹತ್ತಿರ, ಹುಟ್ಟಿದ್ದು ಇಲ್ಲೇ, ಈ ಊರಿನಲ್ಲಿ. ಲಿಸ್ಬನ್ನಿನ ಸಂತ ಅಂತೋನಿ ಅನ್ನಬೇಕು.

ಈ ಪುಟ್ಟ ಕುಂಡ ಅಜ್ಜಿ ಕೊಟ್ಟದ್ದು. ಮಂಜೆರಿಕು ಅಂತ, ನಮ್ಮ ತುಳಸಿಯ ಜಾತಿಯದ್ದೇ. ಕಾಗದದ ಹೂವು, ಒಂದು ಪದ್ಯದ ಚೀಟಿ ಸಿಕ್ಕಿಸಿ ಕೊಡುತ್ತಾರೆ. ನಾನು ಮೂಗು ಹತ್ತಿರ ಒಯ್ದೆ. ಅಜ್ಜಿ ಕೈ ಹಿಡಿದು ತಡೆದರು. ಅಂಗೈಯಿಂದ ಮೆಲ್ಲಗೆ ಸವರಿ, ಅಂಗೈಯನ್ನು ಮೂಸಬೇಕಂತೆ. ಮೂಗು ತಾಗಿದರೆ ಗಿಡ ಬಾಡುತ್ತದಂತೆ.

ಬೀದಿಯಲ್ಲಿ ಈಗ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಿದ್ದಾರೆ. ನಮ್ಮ ಬೂತಾಯಿ. ಮಸಾಲೆ ಇಲ್ಲ, ಬರೀ ಕಲ್ಲುಪ್ಪು. ಬ್ರೆಡ್ ಮೇಲೆ ಇಟ್ಟು ಕೊಡುತ್ತಾರೆ, ಎಣ್ಣೆಯೆಲ್ಲ ಬ್ರೆಡ್ಡಿಗೆ ಇಳಿಯುತ್ತದೆ. ಅಜ್ಜಿ ಕಿಟಕಿಯಿಂದ ಕೂಗಿ ಕೇಳುತ್ತಿದ್ದಾರೆ, "ನೀನು ಹೇಗಿದ್ದೀಯ, ಮೆನೀನ (ಹುಡುಗಿ)?"

"ವಾಯ್-ಸ ಅಂದಾಂದು" ಅಂದೆ. ಅವರು ನಕ್ಕಿದ್ದು ನಿಮಗೂ ಕೇಳಿಸಿರಬೇಕು. ಇನ್ನು ಕ್ಯಾಮೆರಾ ಒಳಗಿಟ್ಟು ಬರುತ್ತೇನೆ, ಮೀನು ಬಿಸಿ ಇರುವಾಗಲೇ ತಿನ್ನಬೇಕು.