ಫೋನಿನ ಈ ಕಡೆಯಿಂದ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲಸ ಹುಡುಕುವವರಿಗೆ ಬುದ್ಧಿ ಹೇಳುವವರು ಊರು ತುಂಬಾ ಇದ್ದಾರೆ. ಮಾವ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತವರೂ ಹೇಳುತ್ತಾರೆ. ಕೆಲಸಕ್ಕೆ ಜನ ಹುಡುಕುವವರು ಮಾತಾಡುವುದು ಮಾತ್ರ ಕಡಿಮೆ. ನಾನು ಆ ಗುಂಪಿನವಳು. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಕಾರ್ಖಾನೆಗಳಿಗೆ ಆಪರೇಟರು, ಸೂಪರ್‌ವೈಸರು, ಅಕೌಂಟೆಂಟುಗಳನ್ನು ಹುಡುಕಿಕೊಡುವುದು ನನ್ನ ಕಸುಬು. ಜನ ನಮ್ಮನ್ನು ಕನ್ಸಲ್ಟೆನ್ಸಿಯವರು ಅಂತಾರೆ.

ಮೊದಲು ನಮ್ಮ ಹೊಟ್ಟೆಪಾಡಿನ ಲೆಕ್ಕ ಹೇಳಿಬಿಡುತ್ತೇನೆ. ನಮಗೆ ದುಡ್ಡು ಕೊಡುವುದು ಕಂಪನಿ. ಸಾಮಾನ್ಯವಾಗಿ ಸೇರಿದವರ ವರ್ಷದ ಸಂಬಳದಲ್ಲಿ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಸೇರಿದವರು ಎರಡು ಮೂರು ತಿಂಗಳಲ್ಲೇ ಬಿಟ್ಟು ಹೋದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ನಾವು ಪುಕ್ಕಟೆ ಹುಡುಕಿಕೊಡಬೇಕು. ಹಾಗಾಗಿ ನಾನು ನಿಮಗೆ ಕೆಲಸ ಹುಡುಕುತ್ತಿಲ್ಲ. ಒಂದು ಖಾಲಿ ಸೀಟಿಗೆ ಜನ ಹುಡುಕುತ್ತಿದ್ದೇನೆ. ಕೇಳೋಕೆ ಸ್ವಲ್ಪ ಕಹಿ, ಅಲ್ವಾ? ಆದರೆ ಇದರಲ್ಲಿ ನಿಮಗೊಂದು ಅನುಕೂಲವಿದೆ. ನೀವು ಪಾಸಾಗಲಿ ಅಂತ ನಿಮ್ಮಷ್ಟೇ ಆಸೆ ನನಗೂ ಇರುತ್ತದೆ. ನಿಮ್ಮ ಬಗ್ಗೆ ಪ್ಲಾಂಟ್ ಮ್ಯಾನೇಜರ್ ಹತ್ತಿರ ಧೈರ್ಯವಾಗಿ ಆಡುವಂಥ ಎರಡು ಮಾತು ನನಗೆ ಬೇಕು. ಆ ಎರಡು ಮಾತನ್ನು ನೀವು ಕೊಡದಿದ್ದರೆ ನಾನು ಕಟ್ಟಿ ಹೇಳಲಾರೆ.

ಈ ಲೆಕ್ಕ ಗೊತ್ತಿದ್ದರೆ ಮೋಸ ಹಿಡಿಯುವುದೂ ಸುಲಭ. ದುಡ್ಡು ಕಂಪನಿಯಿಂದ ಬರುತ್ತದೆ ಅಂದಮೇಲೆ ನಿಮ್ಮ ಹತ್ತಿರ ಯಾಕೆ ಕೇಳಬೇಕು? ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ಟು, ಯೂನಿಫಾರಂ ಖರ್ಚು ಅಂತ ಕೇಳಿದರೆ ಅಲ್ಲೇ ಫೋನ್ ಇಟ್ಟುಬಿಡಿ. ಈಗಾಗಲೇ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಗಲ್ಫ್ ಕೆಲಸದ ಲೆಕ್ಕ ಬೇರೆ, ಕರಾವಳಿಯವರಿಗೆ ಇದು ಗೊತ್ತಿರುತ್ತದೆ. ಅಲ್ಲಿ 1983ರ ವಲಸೆ ಕಾಯ್ದೆ ಪ್ರಕಾರ ಲೈಸೆನ್ಸ್ ಇರುವ ಏಜೆಂಟು ಸೇವಾ ಶುಲ್ಕ ತೆಗೆದುಕೊಳ್ಳಬಹುದು. ಆದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ ಮಿತಿ. ರಸೀದಿ ಕೇಳಿ ಪಡೆಯಿರಿ. ಲಕ್ಷ ಕೇಳುವವನ ಸಹವಾಸ ಬೇಡ.

ಈಗ ನಾವು ನಿಮ್ಮನ್ನು ಹುಡುಕುವುದು ಹೇಗೆ ನೋಡಿ. ಹಿಂದೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ, ಅಂಚೆಯಲ್ಲಿ ಕಾರ್ಡು ಬರಲಿ ಅಂತ ವರ್ಷಗಟ್ಟಲೆ ಕಾಯುತ್ತಿದ್ದರು. ಕೆಲಸ ಹುಡುಕುವ ಜಾಲತಾಣ ನೌಕರಿ ಡಾಟ್ ಕಾಮ್ ಶುರುವಾಗಿದ್ದು 1997ರಲ್ಲಿ. ಇಷ್ಟು ವರ್ಷ ಆದರೂ ತುಂಬಾ ಜನ ಅದನ್ನೂ ಹಳೇ ಕಾರ್ಡಿನ ಹಾಗೇ ನೋಡುತ್ತಾರೆ. ಒಂದು ಸಲ ಹೆಸರು ಹಾಕಿ ಸುಮ್ನೆ ಇದ್ದುಬಿಡುತ್ತಾರೆ. ನನ್ನ ಪರದೆಯಲ್ಲಿ ಆಗುವುದೇ ಬೇರೆ. ನಾನು ನಾಲ್ಕೈದು ಪದ ಟೈಪ್ ಮಾಡುತ್ತೇನೆ. ಊರು, ಅನುಭವ, ಸಂಬಳ, ನೋಟಿಸ್ ಪೀರಿಯಡ್, ಅಂದರೆ ಈಗಿನ ಕೆಲಸ ಬಿಟ್ಟು ಬರಲು ಬೇಕಾದ ದಿನಗಳು, ಇಷ್ಟು ಹಾಕುತ್ತೇನೆ. ಆಮೇಲೆ ಇತ್ತೀಚೆಗೆ ಲಾಗಿನ್ ಆದವರನ್ನು ಮಾತ್ರ ತೋರಿಸು ಅಂತೇನೆ. ಆರು ತಿಂಗಳಿಂದ ಒಳಗೆ ಬರದವರು ಎಷ್ಟೇ ಜಾಣರಿದ್ದರೂ ಆ ಪಟ್ಟಿಗೇ ಬರುವುದಿಲ್ಲ. ಕೆಲಸ ಹುಡುಕುತ್ತಿರುವಷ್ಟು ದಿನ ಎರಡು ದಿನಕ್ಕೊಮ್ಮೆ ಒಳಗೆ ಹೋಗಿ ಒಂದು ಸಾಲಾದರೂ ತಿದ್ದಿ. ಫೋನ್ ನಂಬರು ಬದಲಾಗಿದ್ದರೆ ಅದನ್ನೂ ಬದಲಿಸಿ. ನಗಬೇಡಿ, ಎಷ್ಟೋ ಒಳ್ಳೆಯ ರೆಸ್ಯೂಮೆ ಸ್ವಿಚ್ ಆಫ್ ಆದ ನಂಬರಿನಲ್ಲಿ ಮುಗಿದುಹೋಗಿವೆ.

ನಾನು ಟೈಪ್ ಮಾಡುವ ಆ ನಾಲ್ಕೈದು ಪದ ಯಾವುವು? ಇದು ಮುಖ್ಯ. ಒಬ್ಬ ಅಕೌಂಟೆಂಟ್ ಬೇಕು ಅಂದುಕೊಳ್ಳಿ. ನಾನು ಶ್ರಮಜೀವಿ ಅಂತ ಹುಡುಕುವುದಿಲ್ಲ. ಪ್ರಾಮಾಣಿಕ ಅಂತಲೂ ಹುಡುಕುವುದಿಲ್ಲ. ಟ್ಯಾಲಿ, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಟಿಡಿಎಸ್, ಬ್ಯಾಂಕ್ ರೀಕನ್ಸಿಲಿಯೇಷನ್ ಅಂತ ಹುಡುಕುತ್ತೇನೆ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಇದನ್ನೆಲ್ಲ ಮಾಡಿದ ಹುಡುಗಿ, ತನ್ನ ರೆಸ್ಯೂಮೆಯಲ್ಲಿ ಅಕೌಂಟ್ಸ್ ಕೆಲಸ ನೋಡಿಕೊಳ್ಳುತ್ತಿದ್ದೆ ಅಂತ ಒಂದೇ ಸಾಲು ಬರೆದಿರುತ್ತಾಳೆ. ಅದೇ ಹುಡುಗಿ ಹೀಗೆ ಬರೆಯಲಿ: ತಿಂಗಳಿಗೆ ಇಷ್ಟು ಅಂಗಡಿಗಳ ಜಿಎಸ್‌ಟಿ ರಿಟರ್ನ್ಸ್ ನಾನೇ ಫೈಲ್ ಮಾಡುತ್ತಿದ್ದೆ, ನೋಟಿಸ್ ಬಂದರೆ ಉತ್ತರದ ಕರಡು ನಾನೇ ಬರೆಯುತ್ತಿದ್ದೆ. ನೋಡಿ, ನನಗೆ ಬೇಕಿದ್ದ ಎರಡು ಮಾತು ಸಿಕ್ಕೇಬಿಟ್ಟಿತು.

ಕಾರ್ಖಾನೆ ಕೆಲಸದಲ್ಲಿ ಇದು ಇನ್ನೂ ಜಾಸ್ತಿ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ನು, ಅದಕ್ಕೆ ಆಪರೇಟರ್ ಕಳಿಸುತ್ತೇನೆ ಅಂದರೆ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ಒಂದೇ: ಸೆಟ್ಟಿಂಗ್ ಮಾಡ್ತಾನಾ, ಬರೀ ಬಟನ್ ಒತ್ತುತ್ತಾನಾ? ಟೂಲ್ ಬದಲಿಸಿ ಆಫ್‌ಸೆಟ್ ಹಾಕುವುದು, ಡ್ರಾಯಿಂಗ್ ಓದುವುದು, ಮೊದಲ ಪೀಸನ್ನು ಮೈಕ್ರೋಮೀಟರಿನಲ್ಲಿ ಅಳೆದು ಸರಿ ಇದೆಯೋ ಇಲ್ಲವೋ ಹೇಳುವುದು, ಇದೆಲ್ಲ ಬಂದರೆ ಅವನ ಸಂಬಳವೇ ಬೇರೆ. ಮಷಿನ್ನಿನದು ಫ್ಯಾನುಕ್ ಕಂಪನಿಯ ಕಂಟ್ರೋಲೋ, ಸೀಮೆನ್ಸೋ ಅನ್ನುವುದೂ ಬೇಕು. ಇದನ್ನೆಲ್ಲ ದಿನಾ ಮಾಡುವ ಹುಡುಗರೇ ರೆಸ್ಯೂಮೆಯಲ್ಲಿ ಬಿಟ್ಟಿರುತ್ತಾರೆ. ಹವ್ಯಾಸ: ಕ್ರಿಕೆಟ್ ಆಡುವುದು, ಹಾಡು ಕೇಳುವುದು. ಅದನ್ನು ಮಾತ್ರ ಮರೆಯದೆ ಬರೆದಿರುತ್ತಾರೆ!

ಉದ್ಯೋಗ ಮೇಳಕ್ಕೆ ಬನ್ನಿ. ನನ್ನ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ರೆಸ್ಯೂಮೆ ರಾಶಿ. ಎದುರಿಗೆ ಸಾಲು. ಪ್ರತಿ ರೆಸ್ಯೂಮೆಯ ಬಲಗಡೆ ಮೂಲೆಯಲ್ಲಿ ನಾನು ಪೆನ್ಸಿಲಿನಲ್ಲಿ ಏನೋ ಗೀಚುತ್ತೇನೆ. ಏನು ಬರೆಯುತ್ತೇನೆ ಅಂತ ಹುಡುಗರು ಬಗ್ಗಿ ನೋಡುತ್ತಾರೆ. ಗುಟ್ಟೇನೂ ಇಲ್ಲ. ಶಿಫ್ಟ್ ಓಕೆ. ತಕ್ಷಣ ಸೇರಬಹುದು. ಜಿಗಣಿ ದೂರ. ಡ್ರಾಯಿಂಗ್ ಬರುತ್ತದೆ. ಇಷ್ಟೇ. ಸಂಜೆ ಆಫೀಸಿಗೆ ಹೋಗಿ ಮೊದಲು ಎತ್ತಿಕೊಳ್ಳುವುದು ಮೂಲೆಯಲ್ಲಿ ಏನಾದರೂ ಇರುವ ಹಾಳೆಗಳನ್ನು. ಯಾವ ಕೆಲಸ ಆದರೂ ಪರವಾಗಿಲ್ಲ ಮೇಡಂ ಅಂದವರ ಹಾಳೆಯಲ್ಲಿ ಮೂಲೆ ಖಾಲಿ. ಅವರಿಗೆ ಕಷ್ಟ ಇದೆ, ಅದಕ್ಕೇ ಹಾಗನ್ನುತ್ತಾರೆ, ನನಗೆ ಗೊತ್ತಾಗುತ್ತದೆ. ಆದರೆ ಯಾವ ಕೆಲಸ ಆದರೂ ಅನ್ನುವ ಹೆಸರಿನ ಸೀಟು ಯಾವ ಕಂಪನಿಯಲ್ಲೂ ಖಾಲಿ ಇರುವುದಿಲ್ಲ. ಸ್ಟೋರ್ಸ್ ಅಥವಾ ಕ್ವಾಲಿಟಿ ಅಂತಾದರೂ ಹೇಳಿ.

ಊರಿನ ಮಾತು ಬಂತಲ್ಲ. ಯಲಹಂಕದಲ್ಲಿ ಮನೆ, ಬೊಮ್ಮಸಂದ್ರದಲ್ಲಿ ಕೆಲಸ, ಆಗುತ್ತಾ ಅಂದರೆ ಎಲ್ಲರೂ ಆಗುತ್ತೆ ಅಂತಾರೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಓಡಲು ಶುರುವಾದ ಮೇಲಂತೂ ಇನ್ನೂ ಜೋರಾಗಿ ಆಗುತ್ತೆ ಅಂತಾರೆ. ಆದರೆ ಮೊದಲ ಪಾಳಿ ಬೆಳಗ್ಗೆ 6ಕ್ಕೆ. ಆ ಹೊತ್ತಿಗೆ ಊರಿನ ಆ ತುದಿಯಿಂದ ಈ ತುದಿಗೆ ಮೆಟ್ರೊ ನೆಚ್ಚಿಕೊಂಡು ಬರೋಕಾಗಲ್ಲ. ಹತ್ತಿರ ರೂಮು ಮಾಡುತ್ತೀರಾ? ಕಂಪನಿ ಬಸ್ಸು ಎಲ್ಲಿವರೆಗೆ ಬರುತ್ತದೆ? ಇದನ್ನು ಫೋನಿನಲ್ಲೇ ಕೇಳಿ. ಕೇಳಿದರೆ ಬೇಜಾರಾಗುತ್ತೇವೆ ಅಂದುಕೊಳ್ಳಬೇಡಿ. ಕೇಳುವವರೇ ಕೆಲಸಕ್ಕೆ ನಿಲ್ಲುತ್ತಾರೆ ಅನ್ನುವುದು ನಮ್ಮ ಲೆಕ್ಕ.

ಓದು ಮುಗಿಸಿ ಎರಡು ಮೂರು ವರ್ಷ ಖಾಲಿ ಇದ್ದರೆ? ಹಳ್ಳಿ ಕಡೆಯ ಹುಡುಗರು ಇದಕ್ಕೆ ತುಂಬಾ ಹೆದರುತ್ತಾರೆ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದುವವರು ಎಷ್ಟು ಜನ ಅಂತ ನಮಗೂ ಗೊತ್ತು. 545 ಪಿಎಸ್‌ಐ ಹುದ್ದೆಯ ಪರೀಕ್ಷೆಯನ್ನೇ ನೋಡಿ. 2021ರ ಅಕ್ಟೋಬರಿನಲ್ಲಿ ಬರೆದರು. ಅಕ್ರಮ ಹೊರಗೆ ಬಂದು 2022ರಲ್ಲಿ ರದ್ದಾಯಿತು. ಮತ್ತೆ ಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿದವನ ವರ್ಷಗಳು ಹಾಗೆ ಹೋದರೆ ಅದು ಅವನ ತಪ್ಪಲ್ಲ. ಪಿಎಸ್‌ಐ ಪರೀಕ್ಷೆಗೆ ಓದಿದೆ, ಆಗಲಿಲ್ಲ, ಈಗ ಖಾಸಗಿ ಕೆಲಸಕ್ಕೆ ಬರುತ್ತಿದ್ದೇನೆ ಅಂತ ನೇರವಾಗಿ ಹೇಳಿ. ನಾವು ಕೇಳುವುದು ಮುಂದಿನ ನೋಟಿಫಿಕೇಷನ್ ಬಂದರೆ ಬಿಟ್ಟು ಹೋಗುತ್ತೀರಾ ಅಂತ. ಅದಕ್ಕೊಂದು ನಿಜವಾದ ಉತ್ತರ ಇಟ್ಟುಕೊಳ್ಳಿ.

ಆ ಖಾಲಿ ಜಾಗ ತುಂಬಲು ಸುಳ್ಳು ಅನುಭವ ಪತ್ರ ಮಾಡಿಸಿಕೊಡುವ ಅಂಗಡಿಗಳಿವೆ. ಅದರ ಹತ್ತಿರ ಹೋಗಬೇಡಿ. ಪಿಎಫ್‌ಗೆ 2014ರಿಂದ ಯುಎಎನ್ ಅನ್ನುವ ಒಂದೇ ನಂಬರು ಬಂದಿದೆ. ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅಂತ ಅದರಲ್ಲಿ ಸಾಲಾಗಿ ಕಾಣುತ್ತದೆ. ವೆರಿಫಿಕೇಷನ್ ಮಾಡುವವರು ಮೊದಲು ಕೇಳುವುದೇ ಅದನ್ನು. ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ನಿಜವಾಗಿ ದುಡಿದೂ ಪಿಎಫ್ ಇಲ್ಲದವರು ಗಾಬರಿ ಆಗಬೇಡಿ. 20 ಜನಕ್ಕಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯ ಅಲ್ಲ. ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ರಿಲೀವಿಂಗ್ ಲೆಟರ್ ಜೋಪಾನವಾಗಿಡಿ. ಮಾಲೀಕರ ಜೊತೆ ಜಗಳ ಆಡಿಕೊಂಡು ಹೊರಡುವ ಮೊದಲೇ ಲೆಟರ್ ತೆಗೆದುಕೊಳ್ಳಿ.

ಇಂಗ್ಲಿಷ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಷಿನ್ ಮುಂದೆ ನಿಲ್ಲುವ ಕೆಲಸಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟರೆ ಸಾಕು, ಕೊಡಿ. ಗ್ರಾಹಕರಿಗೆ ಮೇಲ್ ಬರೆಯುವ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು, ಕಲಿಯಿರಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಪ್ಯಾರಾ ಮಾತ್ರ ಎರಡು ಕಡೆಯೂ ಕೆಲಸಕ್ಕೆ ಬರುವುದಿಲ್ಲ.

ಸಂಬಳದ ಬಗ್ಗೆ ಮಾತ್ರ ನಿಧಾನವಾಗಿ ಕೇಳಿ. ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು, ವರ್ಷಕ್ಕೆ 3 ಲಕ್ಷದ 60 ಸಾವಿರ ಅಂದರು. ಮನೆಯಲ್ಲಿ ತಿಂಗಳಿಗೆ 30 ಸಾವಿರ ಅಂತ ಹೇಳಿಬಿಡುತ್ತೀರಿ. ಬೇಸಿಕ್ 15 ಸಾವಿರ ಇದೆ ಅಂತಿಟ್ಟುಕೊಳ್ಳಿ. ಅದರ ಶೇಕಡಾ 12, ಅಂದರೆ 1,800 ರೂಪಾಯಿ, ಕಂಪನಿ ಕಟ್ಟುವ ಪಿಎಫ್. ಅದೂ ಸಿಟಿಸಿ ಒಳಗೇ ಸೇರಿರುತ್ತದೆ. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಹಣ, ಅದಕ್ಕಂತ ಸುಮಾರು 720 ಕೂಡ ಸಿಟಿಸಿ ಒಳಗೇ. ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ವೃತ್ತಿ ತೆರಿಗೆ 200. ಕೈಗೆ ಬರುವುದು ಇಪ್ಪತ್ತೈದೂವರೆ ಸಾವಿರದ ಆಸುಪಾಸು. ವರ್ಷದ ಬೋನಸ್ಸನ್ನೂ ಸಿಟಿಸಿಯಲ್ಲಿ ಸೇರಿಸಿದ್ದರೆ ಇನ್ನೂ ಕಡಿಮೆ. ಆದ್ದರಿಂದ ನನ್ನನ್ನು ಕೇಳಬೇಕಾದ್ದು ಸಿಟಿಸಿ ಎಷ್ಟು ಅಂತಲ್ಲ, ತಿಂಗಳಿಗೆ ಕೈಗೆ ಎಷ್ಟು ಅಂತ. ನಿರೀಕ್ಷೆ ಎಷ್ಟು ಅಂತ ನಾನು ಕೇಳಿದಾಗ ನೀವೇ ನೋಡಿ ಮೇಡಂ ಅನ್ನಬೇಡಿ. ಕಂಪನಿ ನನಗೊಂದು ಮಿತಿ ಕೊಟ್ಟಿರುತ್ತದೆ. ನೀವು ಅಂಕಿ ಹೇಳಿದರೆ ಆ ಮಿತಿಯೊಳಗೆ ನಿಮಗಾಗಿ ಚೌಕಾಸಿ ಮಾಡಬಹುದು. ಹೇಳದಿದ್ದರೆ ಕಂಪನಿ ಹೇಳಿದ್ದೇ ಸಂಬಳ.

ಇಂಟರ್‌ವ್ಯೂ ಆದ ಮೇಲೆ ನಾವೇ ತಿಳಿಸುತ್ತೇವೆ ಅಂದು ತಿಳಿಸದೇ ಇರುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಅದನ್ನು ಸಮರ್ಥಿಸುವುದಿಲ್ಲ. ಎಷ್ಟೋ ಸಲ ಕಂಪನಿ ಸೀಟನ್ನೇ ತಡೆಹಿಡಿದಿರುತ್ತದೆ, ನಮಗೂ ಹೇಳಿರುವುದಿಲ್ಲ. ಒಂದು ವಾರ ಬಿಟ್ಟು ನೀವೇ ಫೋನ್ ಮಾಡಿ. ನಾನು ಸೆಲೆಕ್ಟ್ ಆದೆನಾ ಅನ್ನುವ ಬದಲು, ಆ ಸೀಟು ಇನ್ನೂ ಖಾಲಿ ಇದೆಯಾ ಅಂತ ಕೇಳಿ. ಅದಕ್ಕೆ ಹೌದು ಅಥವಾ ಇಲ್ಲ ಅನ್ನುವುದು ನಮಗೂ ಸುಲಭ.

ಇನ್ನೊಂದು ಮಾತಿದೆ, ಇದು ನನ್ನ ಸ್ವಾರ್ಥದ್ದೇ ಅನ್ನಿ. ಕೈಯಲ್ಲಿ ಆಫರ್ ಲೆಟರ್ ಬರುವ ತನಕ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಬಂದ ಮೇಲೆ ಇನ್ನೂ ಒಳ್ಳೆಯದು ಸಿಕ್ಕರೆ ಅಲ್ಲಿಗೇ ಹೋಗಿ, ಯಾರೂ ತಡೆಯುವುದಿಲ್ಲ. ಆದರೆ ಸೇರಬೇಕಾದ ಸೋಮವಾರ ಬೆಳಗ್ಗೆ ಫೋನ್ ಆಫ್ ಮಾಡಿಕೊಳ್ಳಬೇಡಿ. ಬರಲ್ಲ ಮೇಡಂ, ಬೇರೆ ಕಡೆ ಆಯ್ತು ಅಂತ ಶುಕ್ರವಾರವೇ ಒಂದು ಮೆಸೇಜ್ ಹಾಕಿ. ಅದೇ ಸೀಟಿಗೆ ಎರಡನೇ ನಂಬರಿನಲ್ಲಿ ನಿಂತ ಇನ್ನೊಬ್ಬರ ಹೆಸರು ನನ್ನ ಹತ್ತಿರ ಇರುತ್ತದೆ. ಅವರಿಗೆ ಅವತ್ತೇ ಸಂಜೆಯೊಳಗೆ ಫೋನ್ ಮಾಡುತ್ತೇನೆ.

ನಮಸ್ಕಾರ.