ಜೇನುಬಣ್ಣದ ಕಲ್ಲಿನ ಮನೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ಮನೆಯ ಕತೆ ಹೇಳುತ್ತೇನೆ. ಇಂಗ್ಲೆಂಡಿನ ನೈರುತ್ಯದಲ್ಲಿ ಸಾಮರ್‌ಸೆಟ್ ಎಂಬ ಸೀಮೆ ಇದೆ. ಅಲ್ಲಿ ಯೋವಿಲ್ ಪಟ್ಟಣದ ಹತ್ತಿರ ಮಾಂಟಕ್ಯೂಟ್ ಅಂತ ಒಂದು ಸಣ್ಣ ಹಳ್ಳಿ. ಊರಿನ ಪಕ್ಕದಲ್ಲೇ ಒಂದು ಚೂಪು ಗುಡ್ಡ. ಲ್ಯಾಟಿನ್ ಭಾಷೆಯಲ್ಲಿ ಚೂಪು ಬೆಟ್ಟಕ್ಕೆ ಮಾನ್ಸ್ ಅಕ್ಯೂಟಸ್ ಎನ್ನುತ್ತಾರೆ. ಊರಿಗೆ ಹೆಸರು ಬಂದದ್ದು ಆ ಗುಡ್ಡದಿಂದ.

ಮೊದಲು ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಿತ್ತು. ಊರಿನ ಜಮೀನೆಲ್ಲ ಮಠದ್ದೇ. 8ನೇ ಹೆನ್ರಿ ದೊರೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದೂ ಮುಚ್ಚಿತು. ಮುಂದೆ ಅದೇ ಊರಲ್ಲಿ ಫಿಲಿಪ್ಸ್ ಎಂಬ ಮನೆತನ ಮೇಲೆ ಬಂತು. ಆ ಮನೆಯ ಎಡ್ವರ್ಡ್ ಫಿಲಿಪ್ಸ್ ವಕೀಲನಾಗಿ ಲಂಡನ್ನಿನಲ್ಲಿ ಹೆಸರು ಮಾಡಿದ, ಹಣ ಮಾಡಿದ. 1604ರಲ್ಲಿ ಪಾರ್ಲಿಮೆಂಟಿನ ಕೆಳಮನೆಯ ಸ್ಪೀಕರ್ ಆದ. ಪಾರ್ಲಿಮೆಂಟನ್ನೇ ಸಿಡಿಮದ್ದಿಟ್ಟು ಉಡಾಯಿಸಲು ಹೊರಟ ಗೈ ಫಾಕ್ಸ್ ಮತ್ತವನ ಸಂಗಡಿಗರ ವಿಚಾರಣೆ 1606ರಲ್ಲಿ ನಡೆಯಿತಲ್ಲ, ಅಲ್ಲಿ ಸರ್ಕಾರದ ಪರವಾಗಿ ಮೊದಲು ಎದ್ದು ನಿಂತು ವಾದ ಶುರು ಮಾಡಿದವನೂ ಇವನೇ.

ಈ ಎಡ್ವರ್ಡ್ ತನ್ನೂರಲ್ಲಿ ಮನೆ ಕಟ್ಟಿಸಿದ್ದು ಸುಮಾರು 1598ರಿಂದ 1601ರವರೆಗೆ. ಗೋಡೆಗಳು ಏಳುತ್ತಿದ್ದ ಆ ದಿನಗಳಲ್ಲೇ, 1600ರ ಡಿಸೆಂಬರ್ 31ರಂದು, ಎಲಿಜಬೆತ್ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಈ ತಾರೀಕು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕಲ್ಲಿನ ಮಾತು ಹೇಳದೆ ಈ ಮನೆಯ ಮಾತು ಹೇಳಲು ಆಗುವುದಿಲ್ಲ. ಊರಿಗೆ ಹತ್ತಿರದಲ್ಲೇ ಹ್ಯಾಮ್ ಹಿಲ್ ಎಂಬ ಗುಡ್ಡ. ಅಲ್ಲಿಯ ಸುಣ್ಣಕಲ್ಲು ಜೇನಿನ ಬಣ್ಣದ್ದು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪಿನ ಚೂರುಗಳು ಒಂದರ ಮೇಲೊಂದು ಕೂತು ಆದ ಕಲ್ಲು ಅದು. ದೊಡ್ಡ ಮನೆಗೂ ಅದೇ ಕಲ್ಲು, ಊರಿನ ಸಣ್ಣ ಮನೆಗಳಿಗೂ ಅದೇ ಕಲ್ಲು. ಹಾಗಾಗಿ ಇಷ್ಟು ಭಾರಿ ಕಟ್ಟಡವಾದರೂ ಊರಿಗೆ ಹೊರಗಿನದು ಅನ್ನಿಸುವುದಿಲ್ಲ.

ಆ ಕಾಲಕ್ಕೆ ಇಟಲಿಯಲ್ಲಿ ರೆನೆಸಾನ್ಸ್ ಶೈಲಿ ಹುಟ್ಟಿ 150 ವರ್ಷಕ್ಕೂ ಜಾಸ್ತಿ ಆಗಿತ್ತು. ಹಳೆಯ ರೋಮಿನ ಕಟ್ಟಡಗಳನ್ನು ನೋಡಿ, ಅಳೆದು, ಅದರ ಲೆಕ್ಕಾಚಾರವನ್ನು ಹೊಸದಾಗಿ ಬಳಸಿದ ಶೈಲಿ. ಇಂಗ್ಲೆಂಡಿನ ಹಳ್ಳಿಗಾಡಿಗೆ ಅದು ತಲುಪಿದ್ದು ತಡವಾಗಿ. ಅದೂ ಹೆಚ್ಚಾಗಿ ಹಾಲೆಂಡ್, ಫ್ಲಾಂಡರ್ಸ್ ಕಡೆಯಿಂದ, ಅಚ್ಚಾದ ಚಿತ್ರಗಳ ಪುಸ್ತಕಗಳ ಮೂಲಕ. ಈ ಮಾಂಟಕ್ಯೂಟ್ ಮನೆ ಕಟ್ಟಿದ್ದು ವಿಲಿಯಂ ಆರ್ನಲ್ಡ್ ಎಂಬ ಅದೇ ಸೀಮೆಯ ಕಲ್ಲುಕುಟಿಗ ಎಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ಆಕ್ಸ್‌ಫರ್ಡಿನ ವಾಡಮ್ ಕಾಲೇಜು ಕಟ್ಟಿದವನೂ ಅವನೇ.

ಮನೆಯ ಪೂರ್ವದ ಮುಖ ನೋಡಿ. ಮೂರು ಅಂತಸ್ತು. ಗೋಡೆಗಿಂತ ಗಾಜೇ ಜಾಸ್ತಿಯೇನೋ ಅನ್ನಿಸುವಷ್ಟು ಕಿಟಕಿಗಳು. ಗಾಜು ತುಂಬ ದುಬಾರಿಯಾಗಿದ್ದ ಕಾಲ ಅದು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ, ಸರಿಯಾಗಿ ನಡುವೆ ಬಾಗಿಲು. ಮೇಲೆ ಎರಡೂ ತುದಿಗೆ ಹಾಲೆಂಡಿನ ಮಾದರಿಯ ಬಳುಕು ಅಂಚಿನ ತ್ರಿಕೋನ ಗೋಡೆಗಳು. ಮೇಲಂತಸ್ತಿನ ಕಿಟಕಿಗಳ ನಡುವೆ ಗೂಡುಗಳಲ್ಲಿ ಒಂಬತ್ತು ವೀರರು ನಿಂತಿದ್ದಾರೆ. ಬೈಬಲ್ಲಿನ ದಾವೀದ, ಟ್ರಾಯ್ ನಗರದ ಹೆಕ್ಟರ್, ಅಲೆಕ್ಸಾಂಡರ್, ಜೂಲಿಯಸ್ ಸೀಸರ್, ಇಂಗ್ಲೆಂಡಿನ ಆರ್ಥರ್ ದೊರೆ ಎಲ್ಲರೂ ಇದ್ದಾರೆ. ಎಲ್ಲರಿಗೂ ರೋಮನ್ ಸೈನಿಕರ ಕವಚ!

ಒಳಗೆ ಕಾಲಿಟ್ಟರೆ ಬೇರೆ ಲೆಕ್ಕ. ಬಾಗಿಲು ಮುಂಭಾಗದ ನಟ್ಟ ನಡುವೆ ಇದೆಯಲ್ಲ, ಹಾಗಾದರೆ ದೊಡ್ಡ ಹಜಾರದ ನಡುವಿಗೇ ಹೋಗಿ ನಿಲ್ಲಬೇಕು ಅಲ್ವಾ? ಹಾಗಾಗುವುದಿಲ್ಲ. ಹಳೆಯ ಇಂಗ್ಲಿಷ್ ಮನೆಗಳಲ್ಲಿದ್ದ ಹಾಗೇ ಮೊದಲು ಒಂದು ಅಡ್ಡ ಓಣಿ. ಹಜಾರ ಒಂದು ಬದಿಗಿದೆ, ಅದರ ತುದಿಯಿಂದ ಒಳಗೆ ಹೋಗಬೇಕು. ಮನೆ ಹೊಸ ಉಡುಪು ತೊಟ್ಟಿತು, ಒಳಗಿನ ಬದುಕು ಅಜ್ಜನ ಕಾಲದ ರೂಢಿಯಲ್ಲೇ ನಡೆಯಿತು. ಇಟಲಿಯ ಮನೆಯ ನಕಲು ಮಾತ್ರ ಆಗಿದ್ದರೆ ನಾನು ಇದರ ಬಗ್ಗೆ ಮಾತಾಡಲು ಬರುತ್ತಿರಲಿಲ್ಲ. ದೂರದಿಂದ ಬಂದ ವಿದ್ಯೆಯನ್ನು ಊರಿನ ಕೈಗಳು ಊರಿನ ಕಲ್ಲಲ್ಲಿ ತಮಗೆ ಬೇಕಾದ ಹಾಗೆ ಮಾಡಿಕೊಂಡವು. ನನ್ನ ಮನಸ್ಸು ಹಿಡಿದದ್ದು ಅದೇ.

ಅದೇ ಹಜಾರದ ಗೋಡೆಯ ಮೇಲೆ ಗಾರೆಯಲ್ಲಿ ಮೂಡಿಸಿದ ಒಂದು ಉಬ್ಬುಚಿತ್ರವಿದೆ. ಗಂಡ ಕೂಸನ್ನು ಎತ್ತಿಕೊಂಡೇ ಪೀಪಾಯಿಯಿಂದ ಬಿಯರು ಬಸಿದುಕೊಳ್ಳುತ್ತಿದ್ದಾನೆ. ಹೆಂಡತಿ ಬಂದು ಬೂಟಿನಿಂದ ಬಾರಿಸುತ್ತಾಳೆ. ನೆರೆಯವನು ನೋಡಿಬಿಡುತ್ತಾನೆ. ಮುಂದಿನ ದೃಶ್ಯದಲ್ಲಿ ಒಬ್ಬನನ್ನು ಉದ್ದನೆಯ ಕೋಲಿನ ಮೇಲೆ ಕೂರಿಸಿ ಊರ ಮಂದಿ ಮೆರವಣಿಗೆ ಮಾಡುತ್ತಿದ್ದಾರೆ. ಹೆಂಡತಿಯ ಕೈಲಿ ಏಟು ತಿಂದವನಿಗೆ ಊರು ಮಾಡುತ್ತಿದ್ದ ಅವಮಾನ ಅದು. ಹೊರಗೆ ಸೀಸರ್, ಅಲೆಕ್ಸಾಂಡರ್. ಒಳಗೆ ಹಳ್ಳಿಯ ಜನ, ಅವರ ಮನೆಜಗಳ. ಎರಡಕ್ಕೂ ಒಂದೇ ಮನೆಯಲ್ಲಿ ಜಾಗ ಸಿಕ್ಕಿದೆ.

ಈಗ ಕಾಣುವ ಪಶ್ಚಿಮದ ಮುಖ ಮೊದಲಿನದಲ್ಲ. ಹತ್ತಿರದ ಕ್ಲಿಫ್ಟನ್ ಮೇಬ್ಯಾಂಕ್ ಎಂಬ ಹಳೆಯ ಮನೆಯನ್ನು ಕೆಡವುತ್ತಿದ್ದರು. 1786ರಲ್ಲಿ ಆಗಿನ ಯಜಮಾನ, ಅದೇ ಮನೆತನದ ಇನ್ನೊಬ್ಬ ಎಡ್ವರ್ಡ್ ಫಿಲಿಪ್ಸ್, ಅದರ ಕೆತ್ತನೆಯ ಕಲ್ಲುಗಳನ್ನು ಕೊಂಡು ತಂದು ಇಲ್ಲಿ ಜೋಡಿಸಿದ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಆ ಹೊಸ ಗೋಡೆಯ ಹಿಂದೆ ಒಂದು ಓಣಿ ಸಿಕ್ಕಿತು. ಅಲ್ಲಿಯವರೆಗೆ ಒಂದು ಕೋಣೆಗೆ ಹೋಗಬೇಕಾದರೆ ಇನ್ನೊಂದು ಕೋಣೆಯನ್ನು ದಾಟಿಯೇ ಹೋಗಬೇಕಿತ್ತು.

ಕಾಲ ಕಳೆದ ಹಾಗೆ ಫಿಲಿಪ್ಸ್ ಮನೆತನದ ಕೈ ಸೋತಿತು. ಮನೆ ಬಾಡಿಗೆಗೆ ಹೋಯಿತು. 1915ರಲ್ಲಿ ಬಾಡಿಗೆಗೆ ಬಂದವನು ಯಾರು ಗೊತ್ತಾ? ಲಾರ್ಡ್ ಕರ್ಜನ್. ಕಂಪನಿಗೆ ಸನ್ನದು ಸಿಕ್ಕಾಗ ಎದ್ದ ಮನೆಗೆ, ಆ ಸನ್ನದಿನಿಂದ ಬೆಳೆದ ರಾಜ್ಯವನ್ನು ಆಳಿ ಹೋದ ವೈಸರಾಯ್ ಬಂದ. 1902ರ ಆಗಸ್ಟ್‌ನಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಒಪ್ಪಿಸಿದವನು ಇದೇ ಕರ್ಜನ್. ಹಳೆಯ ಕಟ್ಟಡ ಎಂದರೆ ಅವನಿಗೆ ಪ್ರಾಣ. ಬಿಜಾಪುರದ ಮಸೀದಿಯೊಂದರಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿದ್ದವು. ಎರಡನ್ನೂ ತೆರವು ಮಾಡಿಸಿದ. ಮಾಂಟಕ್ಯೂಟಿನ ತನ್ನ ಮಲಗುವ ಕೋಣೆಯಲ್ಲಿ ಸ್ನಾನದ ತೊಟ್ಟಿ ಇಡಿಸಿದಾಗಲೂ ಅದು ಕಣ್ಣಿಗೆ ಬೀಳದಂತೆ ಮರದ ಬೀರುವಿನೊಳಗೆ ಅಡಗಿಸಿದ. ಅದು ಇವತ್ತಿಗೂ ಇದೆ.

1925ರಲ್ಲಿ ಕರ್ಜನ್ ತೀರಿಕೊಂಡ. 1929ರಲ್ಲಿ ಮನೆ ಮಾರಾಟಕ್ಕೆ ಬಂತು, ಕೊಳ್ಳುವವರಿಲ್ಲ. ಕೆಡವಿ ಸಾಮಾನು ಮಾರಿದರೆ 5,882 ಪೌಂಡ್ ಬರುತ್ತದೆ ಅಂತ ಲೆಕ್ಕವೂ ಹಾಕಿದ್ದರು. ಅದನ್ನು ಓದಿದಾಗ ನನ್ನ ಎದೆ ಝಲ್ಲೆಂದಿತ್ತು. 1931ರಲ್ಲಿ ಅರ್ನೆಸ್ಟ್ ಕುಕ್ ಎಂಬವರು ಹಣ ಕೊಟ್ಟು ಮನೆಯನ್ನು ಉಳಿಸಿದರು. ಪ್ರವಾಸ ಕಂಪನಿಯ ಥಾಮಸ್ ಕುಕ್ ಅವರ ಮೊಮ್ಮಗ ಇವರು. ಹೀಗೆ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈ ಸೇರಿತು.

ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಒಂದು ಉದ್ದನೆಯ ಪಡಸಾಲೆ ಇದೆ. 172 ಅಡಿ. ಇಂಗ್ಲೆಂಡಿನಲ್ಲಿ ಉಳಿದಿರುವ ಇಂಥ ಪಡಸಾಲೆಗಳಲ್ಲಿ ಇದೇ ಉದ್ದದ್ದು. ಮಳೆ ಹಿಡಿದ ದಿನ ಮನೆಯವರು ನಡೆದಾಡಲು, ನೆಂಟರ ಜೊತೆ ಮಾತಾಡುತ್ತ ಚಿತ್ರಪಟ ನೋಡಲು ಮಾಡಿಸಿದ್ದು. ಮನೆಯ ಮಕ್ಕಳು ಪುಟ್ಟ ಜಾತಿಯ ಕುದುರೆಗಳನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದು ಇಲ್ಲಿ ಸವಾರಿ ಮಾಡುತ್ತಿದ್ದರಂತೆ. 1975ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ತನ್ನಲ್ಲಿದ್ದ ಎಲಿಜಬೆತ್ ಕಾಲದ ಚಿತ್ರಪಟಗಳನ್ನು ಇಲ್ಲಿಗೆ ಕಳಿಸಿತು. ಮನೆ ಕಟ್ಟಿದವನ ಕಾಲದ ಮುಖಗಳು ಆ ಮಹಡಿಯ ಗೋಡೆಗೆ ಬಂದವು. ಹೊರಗೆ ಮಳೆ ಸುರಿಯುವಾಗ ಊರೂರಿಂದ ಬಂದ ಜನ ಅವುಗಳ ಮುಂದೆ ಮೆಲ್ಲಗೆ ನಡೆಯುತ್ತಾರೆ.

ನಮಸ್ಕಾರ.