ಮುಳ್ಳು ತಿರುಗಿಸಬೇಡಿ, ಊರು ಬದಲಿಸಿ

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ಮಕ್ಕಳಿಗೆ ರೇಖಾಂಶದ ಲೆಕ್ಕ ಕಲಿಸಿದವನು ನಾನು. ಒಂದು ಡಿಗ್ರಿಗೆ 4 ನಿಮಿಷ, 15 ಡಿಗ್ರಿಗೆ ಒಂದು ಗಂಟೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅಂಥವನು ದುಬೈಗೆ ಹೋಗಿ, ಅಕ್ಕನ ಮೊಮ್ಮಗಳ ನಿಶ್ಚಿತಾರ್ಥವನ್ನು ತಪ್ಪಿಸಿಕೊಂಡೆ. ತಪ್ಪು ವಿಮಾನದ್ದಲ್ಲ, ಮೊಬೈಲಿನದೂ ಅಲ್ಲ. ನನ್ನ ಬೆರಳಿನದು.

ಮಗ ದುಬೈನಲ್ಲಿದ್ದಾನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಶಂಶಾಬಾದಿನಲ್ಲಿ ವಿಮಾನ ಹತ್ತಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುಳಿತಲ್ಲೇ ಕೈಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ಅಲ್ಲಿಯವರೆಗೆ ಸರಿ. ಅದೇ ಹುಮ್ಮಸ್ಸಿನಲ್ಲಿ ಮೊಬೈಲಿಗೂ ಅದೇ ಉಪಚಾರ ಮಾಡಿದೆ. ಸೆಟ್ಟಿಂಗ್‌ಗಳಿಗೆ ಹೋಗಿ, ಸಮಯ ತಾನಾಗಿ ಬದಲಾಗುವ ಏರ್ಪಾಡನ್ನೆಲ್ಲ ಬಂದ್ ಮಾಡಿ, ಒಂದೂವರೆ ಗಂಟೆ ಕಡಿಮೆ ಮಾಡಿಟ್ಟೆ. ಸಮಯ ವಲಯ, ಅಂದರೆ ಯಾವ ಊರಿನ ಗಂಟೆ ಎಂಬ ಆಯ್ಕೆ, ಮಾತ್ರ ಭಾರತದ್ದೇ ಉಳಿಯಿತು.

ಮೊದಲ ರಾತ್ರಿಯೇ ವಿಚಿತ್ರ ಕಂಡಿತು. ನನ್ನ ಪರದೆಯಲ್ಲಿ 9 ಗಂಟೆ. ಆಗಷ್ಟೇ ಮನೆಯಾಕೆ ಕಳಿಸಿದ ಸಂದೇಶದ ಕೆಳಗೆ ಹತ್ತೂವರೆ. ಇನ್ನೂ ಬಾರದ ಹೊತ್ತಿನಿಂದ ಓಲೆ ಬಂದ ಹಾಗೆ! ನಕ್ಕು ಸುಮ್ಮನಾದೆ. ನಿಶ್ಚಿತಾರ್ಥ ನಮ್ಮ ಊರಿನ ಬೆಳಗಿನ 10 ಗಂಟೆಗೆ. ವಿಡಿಯೋದಲ್ಲಿ ನೋಡುವುದೆಂದು ಮಾತಾಗಿತ್ತು. ಕ್ಯಾಲೆಂಡರಿನಲ್ಲಿ ಹೊರಡುವ ಮೊದಲೇ ಗುರುತು ಹಾಕಿದ್ದೆ. ಫೋನೇ ನೆನಪಿಸುತ್ತದಲ್ಲ ಎಂದು ನಾನು ಲೆಕ್ಕ ಹಾಕುವುದನ್ನೇ ಬಿಟ್ಟೆ. ಅದು ನೆನಪಿಸಿತು ಕೂಡ, ತನ್ನ 10 ಗಂಟೆಗೆ. ಕಲಬುರಗಿಯಲ್ಲಿ ಆಗ ಹನ್ನೊಂದೂವರೆ. ಕರೆ ಮಾಡಿದರೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು. "ತಮ್ಮಾ, ಎಲೆ ಎತ್ತುವ ಹೊತ್ತಿಗಾದರೂ ಬಂದೆಯಲ್ಲಪ್ಪ" ಎಂದಳು ಅಕ್ಕ.

ಆದದ್ದೇನು? ಕೈಗಡಿಯಾರಕ್ಕೆ ಮುಳ್ಳುಗಳಷ್ಟೇ ಗೊತ್ತು. ಮೊಬೈಲಿನ ಹೊಟ್ಟೆಯೊಳಗೆ ಇರುವುದು ಬೇರೆಯೇ ಒಂದು ಎಣಿಕೆ: 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದವು ಎಂಬುದು. ನೀವು ಆಳಂದದಲ್ಲಿದ್ದರೂ ಅಮೆರಿಕದಲ್ಲಿದ್ದರೂ ಆ ಎಣಿಕೆ ಒಂದೇ. ಅದಕ್ಕೆ ಊರಿನ ಲೆಕ್ಕ ಕೂಡಿಸಿ ಪರದೆಗೆ ತರುತ್ತದೆ. ಭಾರತಕ್ಕೆ ಐದೂವರೆ ಗಂಟೆ, ದುಬೈಗೆ 4, ಸೌದಿಗೆ 3. ನಾನು ಊರನ್ನು ಬದಲಿಸುವ ಬದಲು ಎಣಿಕೆಯನ್ನೇ ಕೆಡಿಸಿದ್ದೆ. ಇದರಿಂದ ಬರೀ ನಿಶ್ಚಿತಾರ್ಥ ತಪ್ಪಿದರೆ ಪುಣ್ಯ. ಅರ್ಧ ನಿಮಿಷಕ್ಕೊಮ್ಮೆ ಹೊಸ ಗುಪ್ತ ಸಂಖ್ಯೆ ಕೊಡುವ ಆಪ್‌ಗಳಿವೆಯಲ್ಲ, ಅವು ಈ ಎಣಿಕೆಯ ಮೇಲೆಯೇ ನಡೆಯುತ್ತವೆ. ಎಣಿಕೆ ಕೆಟ್ಟರೆ ಅವು ಕೊಡುವ ಸಂಖ್ಯೆ ಎಲ್ಲಿಯೂ ನಡೆಯುವುದಿಲ್ಲ.

ಆದ್ದರಿಂದ ಮಾಡಬೇಕಾದದ್ದು ಬಹುಪಾಲು ಏನೂ ಇಲ್ಲ. 'ದಿನಾಂಕ ಮತ್ತು ಸಮಯ' ಎಂಬಲ್ಲಿ ಸಮಯವೂ ಸಮಯ ವಲಯವೂ 'ಸ್ವಯಂಚಾಲಿತ' ಎಂದಿರಲಿ. ವಿಮಾನ ಇಳಿದು ಏರೋಪ್ಲೇನ್ ಮೋಡ್ ತೆಗೆದ ಮೇಲೆ ಅಲ್ಲಿನ ಮೊಬೈಲ್ ಗೋಪುರ ಸಾಮಾನ್ಯವಾಗಿ ಗಂಟೆ, ವಲಯ ಎರಡನ್ನೂ ಹೇಳಿಬಿಡುತ್ತದೆ. ರೋಮಿಂಗ್ ಹಾಕಿಸದೆ ಹೋದವರಿಗೆ, ವೈಫೈ ಒಂದನ್ನೇ ನಂಬಿದವರಿಗೆ ಕೆಲವೊಮ್ಮೆ ಹಳೆಯ ವಲಯವೇ ಉಳಿದಿರುತ್ತದೆ. ಆಗ ಕೈಯಾರೆ ವಲಯವನ್ನು ಬದಲಿಸಿ, ಗಂಟೆಯನ್ನು ಮುಟ್ಟಬೇಡಿ. ಮರಳಿ ಬಂದಾಗ ಪಟ್ಟಿಯಲ್ಲಿ ಕಲಬುರಗಿ ಕಾಣದೆ ಕೋಲ್ಕತ್ತ ಎಂದು ಕಂಡರೆ ಗಾಬರಿ ಬೇಡ. ಇಡೀ ದೇಶಕ್ಕೆ ಅದೇ ಹೆಸರು.

ಹಾಗೆ ನೋಡಿದರೆ ನಾವು ಮನೆಯಲ್ಲೇ ಕುಳಿತು ಬೇರೆ ಊರಿನ ಗಂಟೆ ನೋಡುವವರು. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಅದು ಹಾಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ. ಕಲಬುರಗಿ ಇರುವುದು ಸುಮಾರು 76.8 ಡಿಗ್ರಿಯಲ್ಲಿ. ನಾಲ್ಕರಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ 23 ನಿಮಿಷ. ಗಡಿಯಾರ 12 ಹೊಡೆದಾಗ ನಮ್ಮ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಮೇ ತಿಂಗಳಲ್ಲಿ ಇದನ್ನು ಹೇಳಿದರೆ ನಮ್ಮ ಊರಿನವರು ನಂಬಲಿಕ್ಕಿಲ್ಲ.

ಇನ್ನು ಅಲಾರಂ. ಅಲಾರಂ ಊರಿನ ಗಂಟೆಯನ್ನು ನೋಡುತ್ತದೆ, ಕ್ಯಾಲೆಂಡರು ಹಾಗಲ್ಲ. ಬೆಳಗಿನ 6ರ ಅಲಾರಂ ದುಬೈನಲ್ಲಿಯೂ 6ಕ್ಕೇ ಬಡಿಯುತ್ತದೆ, ಅಂದರೆ ನಮ್ಮ ಏಳೂವರೆಗೆ. ಇಲ್ಲಿ 10 ಗಂಟೆಗೆ ಬರೆದಿಟ್ಟ ಕ್ಯಾಲೆಂಡರಿನ ಗುರುತು ಅಲ್ಲಿ ತಾನಾಗಿ ಎಂಟೂವರೆಗೆ ಸರಿಯುತ್ತದೆ. ಮಾತ್ರೆಗೆ ಅಲಾರಂ ಇಟ್ಟುಕೊಂಡವರು ಈ ವ್ಯತ್ಯಾಸವನ್ನು ಮರೆಯಬಾರದು. ಅಮೆರಿಕಕ್ಕೆ ಹೊರಟವರು, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರು, ಹೊತ್ತು ಹೇಗೆ ಹೊಂದಿಸಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಲಿ. ಅದು ಫೋನಿಗೆ ಬಿಡುವ ಮಾತಲ್ಲ.

ಅಮೆರಿಕದ್ದು ಇನ್ನೊಂದು ತಂಟೆ. ಅಲ್ಲಿನ ಹೆಚ್ಚಿನ ಊರುಗಳಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಡಲ್ಲಾಸ್ ನಮಗಿಂತ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹತ್ತೂವರೆ. ಮಗಳ ಮನೆಗೆ ಫೋನು ಮಾಡಲು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆದಿಟ್ಟವರನ್ನು ಬಲ್ಲೆ. ಮಾರ್ಚ್ ಬಂದರೆ ಆ ಗೋಡೆ ಸುಳ್ಳು ಹೇಳುತ್ತದೆ. ಫೋನಿನ ಗಡಿಯಾರದಲ್ಲಿ ವಿಶ್ವ ಗಡಿಯಾರ ಎಂಬುದಿದೆ; ಅದರಲ್ಲಿ ಮಗಳ ಊರಿನ ಹೆಸರು ಸೇರಿಸಿ.

ಟಿಕೆಟಿನ ವಿಷಯ ಒಂದೇ ಮಾತು. ಹೊರಡುವ ಗಂಟೆ ಹೊರಡುವ ಊರಿನದು, ತಲುಪುವ ಗಂಟೆ ತಲುಪುವ ಊರಿನದು. ರಾತ್ರಿ 10ಕ್ಕೆ ಹೊರಟು 4 ಗಂಟೆ ಹಾರಿದ ವಿಮಾನ ದುಬೈಯನ್ನು ಹನ್ನೆರಡೂವರೆಗೆ ಮುಟ್ಟುತ್ತದೆ, ತಾರೀಖು ಮಾತ್ರ ಮರುದಿನದ್ದು. ಹೊರಡುವ ಹೊತ್ತು 15ನೇ ತಾರೀಖು ಸೊನ್ನೆ ಗಂಟೆ 30 ನಿಮಿಷ ಎಂದು ಅಚ್ಚಾಗಿದ್ದರೆ, ನೀವು 14ರ ಮಧ್ಯಾಹ್ನವೇ ಕಲಬುರಗಿ ಬಿಡಬೇಕು. 15ರ ರಾತ್ರಿ ಊಟ ಮುಗಿಸಿ ಚೀಲ ಕಟ್ಟುತ್ತಾ ಕುಳಿತ ನೆಂಟರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ.

ನನ್ನ ಫೋನಿನಲ್ಲಿ ಈಗ ಎರಡು ಗಡಿಯಾರಗಳಿವೆ. ಮೇಲಿನದು ನಮ್ಮದು, ಕೆಳಗಿನದು ದುಬೈಯದು. ಕೆಳಗಿನದು 7 ಆಗುವವರೆಗೆ ಮೊಮ್ಮಗ ಏಳುವುದಿಲ್ಲ. ಇಲ್ಲಿ ಎಂಟೂವರೆಯಾಗುವ ತನಕ ಫೋನನ್ನು ನನ್ನ ಕೈಗೆ ಸಿಗದಂತೆ ಮನೆಯಾಕೆ ಅಡುಗೆಮನೆಯ ಮಾಡದಲ್ಲಿ ಇಟ್ಟಿರುತ್ತಾಳೆ.

ನಮಸ್ಕಾರ.